ಸೀಮೆಸುಣ್ಣದ ಮನೆ

ಅಶ್ರಫನ ಪಿಕಪ್ಪು ಎರಡನೇ ಟ್ರಿಪ್ಪಿಗೆ ಹೋಗಿತ್ತು.
ಮಹದೇವಪೇಟೆಯ ಬಾಡಿಗೆ ಮನೆಯಲ್ಲಿ ಉಳಿದದ್ದು
ನಾನು, ಅಕ್ಕ ದೇಚಮ್ಮ, ಒಂದು ಪೊರಕೆ,
ಗೋಡೆ ಬಿಟ್ಟು ಬರಲೊಲ್ಲದ ಒಂದು ಮೊಳೆ.

ಹತ್ತೊಂಬತ್ತು ವರ್ಷ ಸಾಮಾನಿನಡಿ ಬಿದ್ದಿದ್ದ ನೆಲ.
ಬೀರು ಇದ್ದಲ್ಲಿ ಬೀರುವಿನಷ್ಟೇ ಕೆಂಪು,
ಮಂಚ ಇದ್ದಲ್ಲಿ ನಾಲ್ಕು ಚುಕ್ಕೆ,
ರಂಗೋಲಿಗೆ ಕೂತು ಯಾರೋ ನಡುವೆಯೇ ಎದ್ದುಹೋದ ಹಾಗೆ.

ಬೆಳಿಗ್ಗೆ ರಟ್ಟಿನ ಡಬ್ಬದೊಳಗೆ ಕಾಚಂಪುಳಿ ಸೀಸೆ ಮಗುಚಿ
ನನ್ನ ಅಂಚೆ ಕಚೇರಿಯ ಕಾಗದವೆಲ್ಲ ತೊಯ್ದು ಕಪ್ಪಾಯಿತು.
ಮೂವತ್ತೊಂದು ವರ್ಷದ ನೌಕರಿಗೆ ಈಗ ಪಂದಿಕರಿ ವಾಸನೆ.
‘ಪ್ರಮೋಷನ್ ಸಿಕ್ತಲ್ಲ’ ಎಂದಳು ಅಕ್ಕ.

ಮಕ್ಕಂದೂರಿನ ನಮ್ಮ ಹತ್ತು ಸೆಂಟು ಇಳಿಜಾರು.
ಗುಡ್ಡ ಜಾರಿದ ಆ ವರ್ಷದಿಂದ
ಅದರ ಮೇಲೆ ನಿಂತು ಜೋರಾಗಿ ಮಾತಾಡಲೂ ಅಳುಕು.
ಮಣ್ಣು ನೋಡಲು ಬಂದ ಇಂಜಿನಿಯರ್ ಹುಡುಗ
ಒಂದು ಹಿಡಿ ಹಿಂಡಿ, ಅಂಗೈ ಬಿಚ್ಚಿ,
‘ಸಣ್ಣದು ಕಟ್ಟಿ ಆಂಟಿ’ ಎಂದ. ಅಷ್ಟೇ.
ನಾನೂರ ಇಪ್ಪತ್ತು ಚದರಡಿ, ಹಂಚಿನ ಮಾಡು.
ನಕ್ಷೆಯ ತಲೆಯ ಮೇಲೆ ಕಾಟೇಜ್ ಎಂದು ಬರೆದ.

ಅಕ್ಕನಿಗೆ ಆ ಪದ ಆಗದು.
‘ಕಾಟೇಜು ಶನಿವಾರ ಬಂದು ಭಾನುವಾರ ಹೋಗೋರಿಗೆ.
ನಾವು ಸೋಮವಾರವೂ ಇರೋರು.’

ಖಾಲಿ ಹಾಲನ್ನು ನೋಡುತ್ತ ನಿಂತವಳು
ಅಂಗನವಾಡಿ ಚೀಲಕ್ಕೆ ಕೈ ಹಾಕಿ
ಒಂದು ತುಂಡು ಸೀಮೆಸುಣ್ಣ ತೆಗೆದಳು.
‘ಎಷ್ಟು ಬರತ್ತೋ ನೋಡೇಬಿಡಾಣ.’

ನಾನು ಟೇಪು ಹಿಡಿದೆ. ಅವಳು ನೋವಿನ ಮಂಡಿಯೂರಿ
ಎಳೆದಳು: ಹನ್ನೆರಡು, ಹತ್ತು,
ಅಡುಗೆಗೆ ಆರೂವರೆ, ಬಚ್ಚಲಿಗೆ ನಾಲ್ಕು.
ಮನೆ ಹಾಲ್ ತುಂಬಿ, ಕೋಣೆಗೂ ಹರಿಯಿತು;
ಹಳೆಯ ಗೋಡೆ ಹೊಸ ಮಂಚದ ಮೇಲೇ ಹಾದುಹೋಯಿತು.
ಆಚೆ ಅರ್ಧ ಅಕ್ಕನದು, ಈಚೆ ಅರ್ಧ ನನ್ನದು ಎಂದು ನಗಾಡಿದೆವು.

ತೂಕ್‌ಬೊಳಕ್ ಎಲ್ಲಿ?
ಇನ್ನೂ ಇಲ್ಲದ ತೊಲೆಗೆ ಕತ್ತೆತ್ತಿ
ತುಂಬ ಹೊತ್ತು ನೋಡಿ, ಕೆಳಗೊಂದು ಚುಕ್ಕೆ ಇಟ್ಟಳು.

ಕಿಟಕಿಗೆ ಜಗಳ.
ಕೌಂಟರಿನ ತೂತಿನಿಂದ ಜನ ನೋಡಿ ಬೆಳೆದ ನನಗೆ ರಸ್ತೆ ಬೇಕು.
ಅಕ್ಕ ಗುಡ್ಡದ ಕಡೆಗೆ ಗೆರೆ ಒಡೆದಳು.
‘ಇನ್ನೊಮ್ಮೆ ಬಂದರೆ
ಬರೋದು ಕಾಣಲಿ.’
ಸುಮ್ಮನಾದೆ.

ಅಷ್ಟರಲ್ಲಿ ಮನೆಯೊಡತಿ ಪಿಲೋಮಿನಾಬಾಯಿ,
ಕನ್ನಡಕ, ನೋಟುಪುಸ್ತಕ, ಲೆಕ್ಕದ ಮುಖ.
ಹೊಸ್ತಿಲಲ್ಲೇ ನಿಂತು ನೆಲ ನೋಡಿದರು.
ಬೈಸಿಕೊಳ್ಳಲು ಇಬ್ಬರೂ ಸೆರಗು ಸರಿಮಾಡಿಕೊಂಡೆವು.

‘ಬಾಗಿಲು ಯಾವ ಕಡೆ?’

ಅಕ್ಕ ಬೆರಳು ತೋರಿಸಿದಳು.
ಚಪ್ಪಲಿ ಬಿಟ್ಟು, ಗೆರೆ ತುಳಿಯದೆ ಬಳಸಿ ಬಂದು,
ಇಲ್ಲದ ಬಾಗಿಲಿಗೆ ತಲೆ ಚೂರು ತಗ್ಗಿಸಿ
ಒಳಗೆ ಬಂದರು ಆಯಮ್ಮ.
‘ಒಲೆ ಮೂಲೆ ಕತ್ತಲಾಯ್ತು, ಒಂದು ಗಾಜಿನ ಹಂಚು ಹಾಕ್ಸಿ’ ಎಂದರು.
ಆಮೇಲೆ ಮೊಳೆಯ ತೂತು ಎಣಿಸಿ
ಅಡ್ವಾನ್ಸಿನಲ್ಲಿ ಆರುನೂರು ಮುರಿದುಕೊಂಡರು.

ನೆಲ ಒರೆಸಿ ಕೊಡಬೇಕಲ್ಲ.
ಬಚ್ಚಲಿಂದ ಶುರುಮಾಡಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ
ಅಡುಗೆಮನೆ, ಕಿಟಕಿ, ಜಗಳ.
ದೀಪದ ಚುಕ್ಕೆಗೆ ಬಟ್ಟೆ ತಾಗಿಸಗೊಡಲಿಲ್ಲ ಅಕ್ಕ;
ಕೊನೆಗೆ ತಾನೇ, ಹೆಬ್ಬೆರಳಲ್ಲಿ.
ಬಕೆಟ್ಟಿನ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಗಿತ್ತು.
ಹಿತ್ತಲ ಪೇರಳೆ ಬುಡಕ್ಕೆ ಸುರಿದೆ.

ಆ ರಾತ್ರಿ ಮಕ್ಕಂದೂರಿನ ಗಿರಣಿ ಹಿಂದಿನ ಒಂಟಿ ಕೋಣೆ.
ಎಂಟು ತಿಂಗಳಿಗೆಂದು ಮಾತು. ಮೇಸ್ತ್ರಿ ಹತ್ತು ಅನ್ನುತ್ತಾನೆ.
ಡಬ್ಬಗಳೆಲ್ಲ ಸೂರಿನ ತನಕ; ನಡುವೆ ಎರಡು ಚಾಪೆ, ಆಚೆ ಹೂಜಿ.

ನಡುರಾತ್ರಿ ಅಕ್ಕ ನೀರಿಗೆದ್ದಳು.
ಎರಡೇ ಹೆಜ್ಜೆ. ನೇರ ಹೋಗಲಿಲ್ಲ.
ಎಡಕ್ಕೆ ತಿರುಗಿ, ನನ್ನ ಕಾಲು ಬಳಸಿ,
ಎಲ್ಲೋ ಒಂದು ಕಡೆ ತಲೆ ತಗ್ಗಿಸಿ, ದಾಟಿ.

‘ಹಾಗ್ಯಾಕೆ ಸುತ್ತುತೀಯ?’ ಎಂದೆ.
‘ಗೋಡೆ ಇದೆಯಲ್ಲೇ’ ಎಂದಳು, ನಿದ್ದೆಗಣ್ಣಲ್ಲಿ,
‘ಮಲಕ್ಕೊ.’