ಬಾಡುವ ಮುನ್ನ

ಬಾಳೆಲೆಯಲ್ಲಿ ಸುತ್ತಿ ನಾರಿನಿಂದ ಬಿಗಿದ ಕಟ್ಟು
ಮೇರುವಿನಿಂದ ಬಂದದ್ದು.
ಪುರಾಣದ್ದಲ್ಲ, ಕೀನ್ಯಾದ ಮೇರು,
ಲಾರಿ ಹತ್ತಿ ಹೋಗಬಹುದಾದದ್ದು.
ಈಗ ಸೇಂಟ್ ಪಾಲ್ ನಗರದ ಪ್ರಯೋಗಾಲಯದಲ್ಲಿ
ನಂಬರು ಅಂಟಿಸಿಕೊಂಡು ಮೇಜಿನ ಮೇಲೆ ಮಲಗಿದೆ.
ಕೆಂಪು ಕಾಂಡ, ಎಳೆ ಚಿಗುರು, ಇನ್ನೂ ತೇವ.

ಥೋರಾ ಲುಂಡೀನ್ ಕೈಗವಸು ತೊಡುತ್ತಾಳೆ.
ಹತ್ತೊಂಬತ್ತು ವರ್ಷದ ಕೆಲಸ; ಪಟ್ಟಿ ಬಾಯಿಪಾಠ.
ಹಸಿ ಖಾತ್ ಎಲೆಯೊಳಗಿರುವುದು ಕ್ಯಾಥಿನೋನ್:
ಒಂದನೇ ಅನುಸೂಚಿ, ಹೆರಾಯಿನ್ ಕೂತ ಪಂಕ್ತಿ.
ಎರಡು ದಿನ ಬಿಟ್ಟರೆ ಅದೇ ಎಲೆಯಲ್ಲಿ
ಅದು ಸೊರಗಿ ಕ್ಯಾಥಿನ್ ಆಗುತ್ತದೆ:
ನಾಲ್ಕನೇ ಅನುಸೂಚಿ, ನಿದ್ದೆಮಾತ್ರೆಗಳ ಸಾಲು.
ಆದ್ದರಿಂದ ನಿಯಮ: ವಶಪಡಿಸಿಕೊಂಡ ಕೂಡಲೆ ಫ್ರಿಜ್ಜಿಗೆ.
ಸೊಪ್ಪಿನ ಚಿಂತೆಯಲ್ಲ,
ಅಪರಾಧ ಬಾಡಬಾರದು.

ಕಾನೂನಿಗೆ ಅದರದೇ ಕಂಬಸಾಲು.
ಔಷಧಶಾಸ್ತ್ರಕ್ಕೆ ಬೇರೆ:
ಕೆರಳಿಸುವವು, ಮಂಕು ಕವಿಸುವವು, ಇಲ್ಲದ್ದನ್ನು ತೋರಿಸುವವು.
ಎರಡನ್ನೂ ಒಂದರ ಮೇಲೊಂದಿಟ್ಟು
ಕಿಟಕಿಯ ಬೆಳಕಿಗೆ ಹಿಡಿದಿದ್ದಳು ಒಮ್ಮೆ,
ಹೊಸತರಲ್ಲಿ.
ಗೆರೆಗೆ ಗೆರೆ ಕೂಡಲಿಲ್ಲ.
ಮೊಣಕೈ ಪಕ್ಕ ಹರಾರಿನ ಕಾಫಿ ಹಬೆಯಾಡುತ್ತಿತ್ತು,
ಯಾವ ಅನುಸೂಚಿಯ ಹಂಗೂ ಇಲ್ಲದೆ;
ಅಲ್ಲಿ ಅದರ ಪಕ್ಕದ ಬದುವಿನಲ್ಲೇ ಖಾತ್ ಬೆಳೆಯುತ್ತದೆ.
ಎದುರಿನ ಬಾರಿನವರು ಆಗತಾನೆ ಬಾಗಿಲು ತೆರೆಯುತ್ತಿದ್ದರು.

ಈಗೀಗ ಇನ್ನೊಂದು ತಮಾಷೆ:
ಗಾಂಜಾ ಸೇಂಟ್ ಕ್ರಾಯ್ ನದಿಯ ಈ ದಡದಲ್ಲಿ ಅಂಗಡಿ ಸರಕು,
ಆ ದಡದಲ್ಲಿ ಕೈಕೋಳ.
ನಡುನೀರಿನ ದೋಣಿಯಲ್ಲಿ ಗಾಳ ಹಾಕಿ ಕೂತವನ
ಕಿಸೆಯಲ್ಲಿರುವುದು ಏನೆಂದು
ಯಾವ ಪರೀಕ್ಷೆಯಲ್ಲೂ ಯಾರೂ ಅವಳನ್ನು ಕೇಳಿಲ್ಲ.

ಕಟ್ಟು ತರಿಸಿದವನು ಗುಲೇದ್ ಸಮತರ್.
ಅರವತ್ತೆಂಟು. ಟ್ಯಾಕ್ಸಿ.
ಪೊಲೀಸರಿಗೆ ಅವನು ಹೇಳಿದ್ದು ಕಡತದಲ್ಲಿದೆ:
"ಮೊದಲ ಗಂಟೆ ಮಾತು. ಎರಡನೆಯದು ಇನ್ನೂ ಮಾತು;
ಬೋಸಾಸೋ ಬಂದರನ್ನು ನಾವು ಐವರು ಕೂತಲ್ಲೇ ಮತ್ತೆ ಕಟ್ಟುತ್ತೇವೆ,
ಕ್ರೇನು ಸಮೇತ.
ಮೂರನೆಯ ಗಂಟೆ ಎಲ್ಲರೂ ನೆಲ ನೋಡುತ್ತೇವೆ.
ಆಮೇಲೆ ನಾನು ಗಾಡಿ ತೆಗೆದು ವಿಮಾನ ನಿಲ್ದಾಣಕ್ಕೆ ಹೋಗುತ್ತೇನೆ.
ಇದು ಎಷ್ಟನೇ ನಂಬರಿನ ತಪ್ಪು?"

ಹೆಂಡತಿಯದೂ ಒಂದು ಪುಟ. ಯಾರೂ ಕೇಳಿರಲಿಲ್ಲ;
ಠಾಣೆಗೆ ತಾನೇ ಬಂದು ಬರೆಸಿದ್ದಳು ಇದಿಲ್:
"ಬಾಡಿಗೆಯ ದುಡ್ಡು ಎಲೆಗೆ ಹೋಯಿತು, ಎರಡು ಚಳಿಗಾಲ.
ಮೊಮ್ಮಗಳ ಹಲ್ಲು ಬಿದ್ದದ್ದು, ಮತ್ತೆ ಬಂದದ್ದು
ಅವನಿಗೆ ಗೊತ್ತೇ ಇಲ್ಲ.
ಜೈಲಿಗೆ ಹಾಕಬೇಡಿ.
ಆದರೆ ಒಳ್ಳೆಯ ಸೊಪ್ಪು ಅಂತಲೂ ಬರೆಯಬೇಡಿ."
ಆ ಪುಟಕ್ಕೆ ಯಾವ ನಂಬರು ಹಾಕುವುದೆಂದು ತಿಳಿಯದೆ
ಗುಮಾಸ್ತ ಅದನ್ನು ಕೊನೆಗೆ ಪಿನ್ನು ಹೊಡೆದಿದ್ದ.

ಜುಲೈ ಶುಕ್ರವಾರದ ರಾತ್ರಿ ಗಾಳಿ ಎದ್ದು
ಎಲ್ಮ್ ಮರಗಳು ತಂತಿಯ ಮೇಲೆ ಬಿದ್ದವು.
ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಶನಿವಾರ. ಭಾನುವಾರ.
ಬೆಚ್ಚಗಾದ ಫ್ರಿಜ್ಜಿನ ಕತ್ತಲಲ್ಲಿ, ವಕೀಲರ ನೆರವಿಲ್ಲದೆ,
ಎಲೆ ತನ್ನ ಪಾಡಿಗೆ ತಾನು
ಒಂದರಿಂದ ನಾಲ್ಕಕ್ಕೆ ಇಳಿಯಿತು.

ಸೋಮವಾರ ಥೋರಾ ಯಂತ್ರ ಬರೆದ ಗೆರೆ ನೋಡಿದಳು.
ಏಳಬೇಕಿದ್ದ ಶಿಖರ ಏಳಲಿಲ್ಲ.
'ಮೊದಲು ಇದ್ದಿರಬಹುದು' ಎಂದು ಬರೆಯಲು ಜಾಗವಿತ್ತು,
ಟಿಪ್ಪಣಿ ಎಂಬ ಪದದ ಕೆಳಗೆ ಅರ್ಧ ಇಂಚು.
ಪೆನ್ನಿನ ಮುಚ್ಚಳ ತೆಗೆದಳು. ಹಾಕಿದಳು. ತೆಗೆದಳು.
ಕರೆಂಟು ಹೋದದ್ದನ್ನು, ಬಂದದ್ದನ್ನು ಗಂಟೆ ಸಮೇತ ಬರೆದಳು;
ಎಲೆಯ ಬಗ್ಗೆ, ಕಂಡದ್ದನ್ನಷ್ಟೇ.

ನ್ಯಾಯಾಲಯದ ಹೊರಗೆ ದಂಡದ ರಸೀದಿ ಮಡಚುತ್ತ
ಗುಲೇದ್ ದುಭಾಷಿಯನ್ನು ಕೇಳಿದನಂತೆ:
"ಬಾಡಿದರೆ ತಪ್ಪು ಸಣ್ಣದಾಗುತ್ತದೋ?
ಹಾಗಾದರೆ ನಾನೀಗ ಎಷ್ಟನೆಯದರಲ್ಲಿದ್ದೇನೆ?"
ದುಭಾಷಿ ಸಮಯ ನೋಡಿಕೊಂಡ;
ಇದನ್ನು ಯಾರಿಗೂ ಅನುವಾದಿಸಬೇಕಿರಲಿಲ್ಲ.
ಇದಿಲ್ ಅವನ ಕೈಯಿಂದ ಕೀಲಿ ತೆಗೆದುಕೊಂಡು
ಪಕ್ಕದ ಸೀಟಿನ ಬಾಗಿಲು ತೆರೆದು ಹಿಡಿದಳು.