ಮೀನಖಂಡದ ಮಾತು

ದುರ್ಗಿಗುಡಿಯ ಮಹಡಿ ಕ್ಲಿನಿಕ್ಕು.
ಗೋಪಿ ಸರ್ಕಲ್ಲಿನ ಪೇದೆ ಹಾಲಸ್ವಾಮಿಯವರ ಮೀನಖಂಡಕ್ಕೆ
ಸೂಜಿ ಇಳಿಸಿ ಸ್ಪೀಕರ್ ಹಾಕಿದೆ.

“ಪಾದ ಮೆಲ್ಲಗೆ ಒತ್ತಿ.”
ಟಪ್. ಟಪ್. ಟಪ್.
ಬೆನ್ನುಹುರಿಯ ಚಿಕ್ಕ ನರಕೋಶ.
ಮೊದಲು ಏಳುವುದು ಅದೇ.
ಸೆಕೆಂಡಿಗೆ ಹತ್ತೇ ಮಾತು, ಅವಸರವಿಲ್ಲ;
ಹದಿನೆಂಟು ವರ್ಷ ಇವರನ್ನು ನಿಲ್ಲಿಸಿದೆ,
ಒಂದು ರಜೆ ಕೇಳಿಲ್ಲ.

“ಈಗ ಜೋರಾಗಿ.”
ತಗಡಿನ ಮೇಲೆ ಜಲ್ಲಿ ಸುರಿದಂತೆ
ದೊಡ್ಡವು ಎದ್ದವು, ತಡವಾಗಿ,
ದಪ್ಪ ತಂತಿಯಲ್ಲಿ ಕೂಗಿ
ಅಷ್ಟಕ್ಕೇ ಸೋತವು.

“ಇವು ಯಾತಕ್ಕೆ ಮೇಡಂ?”
“ಸಿಗ್ನಲ್ ಹಾರಿದ ಬೈಕಿನ ಹಿಂದೆ ಓಡೋಕೆ.”
“ಓಡಿ ಒಬ್ಬನನ್ನೂ ಹಿಡಿದಿಲ್ಲ ಬಿಡಿ.”

ನಕ್ಕು, ಬೂಟಿನ ಲೇಸು ಬಿಗಿದು
ಎದ್ದು ನಿಂತರು.
ಸ್ಪೀಕರ್ ಆರಿಸಿಬಿಟ್ಟಿದ್ದೆ;
ಆ ಚಿಕ್ಕದು ಮತ್ತೆ ಕೆಲಸಕ್ಕೆ ಹತ್ತಿದ್ದು
ನಮ್ಮಿಬ್ಬರಿಗೂ ಕೇಳಿಸಲಿಲ್ಲ.