ಮೂರನೇ ತಕ್ಕಡಿಯ ಇಪ್ಪತ್ತೆರಡು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ತೂಕದ ಯಂತ್ರಕ್ಕೆ ಕೈಪಿಡಿ ಬರೆಯುವುದು ನನ್ನ ಕೆಲಸ.
ನಲವತ್ತೊಂದು ಪುಟ.
ಮೂವತ್ತರಲ್ಲಿ ಯಂತ್ರ ಏನು ಮಾಡುತ್ತದೆ,
ಉಳಿದದ್ದರಲ್ಲಿ ಏನು ಮಾಡುವುದಿಲ್ಲ.
ಮೊದಲ ಮೂವತ್ತನ್ನು ಯಾರೂ ಓದುವುದಿಲ್ಲ.

ಪಿಳ್ಳಮ್ಮ ಬಂದದ್ದು ಬುಧವಾರ,
ಜಾಲರಿಯ ತುಂಬ ಹಳದಿ ಗೂಡು.
ಲಾಟು ಒಂದೇ, ಹೆಸರು ಎರಡು ಹಾಕ್ಕೊಡಿ ಅಂದಳು,
ಸೊಪ್ಪು ಅಕ್ಕಂದು, ಮನೆ ನಂದು, ಹುಳ ಇಬ್ಬರದೂ.
ಯಂತ್ರಕ್ಕೆ ಇಬ್ಬರು ಅಂದರೆ ಗೊತ್ತಿಲ್ಲ.
ಮೂರನೇ ತಕ್ಕಡಿ ಕೆಂಪಗೆ ಹೇಳಿತು: 22.

22 ಅಂದರೆ ನನ್ನ ಕೋಷ್ಟಕದಲ್ಲಿ
'ಕೊಟ್ಟ ವಿವರ ತಪ್ಪು'.
ಯಾರೋ ಓದಿ ಹೇಳಿದರು.
ಹೆಬ್ಬೆಟ್ಟು ಸೆರಗಿಗೆ ಒರೆಸಿ ಮತ್ತೆ ಒತ್ತಿದಳು,
ಪಾಸ್‌ಬುಕ್ಕು ತಿರುಗಿಸಿ ಹಿಡಿದಳು,
ಅಕ್ಕನ ಹೆಸರನ್ನು ಜೋರಾಗಿ, ಆಮೇಲೆ ಮೆಲ್ಲಗೆ ಹೇಳಿ ನೋಡಿದಳು,
ಮೂರು ಸಲ ಸಾಲಿನ ಕೊನೆಗೆ ಹೋಗಿ ನಿಂತಳು.
ಅಷ್ಟರಲ್ಲಿ ಎರಡನೇ ಸುತ್ತಿನ ಹರಾಜು ಮುಗಿಯಿತು.
"ನಾನೇನ್ ತಪ್ಪು ಮಾಡಿದ್ನೋ ಸ್ವಾಮಿ?"

ಏಳನೇ ತಕ್ಕಡಿ ಇದೇ ಮಾತಿಗೆ 38 ಅನ್ನುತ್ತದೆ:
ಅಂಥ ಕೆಲಸವೇ ಹುಟ್ಟಿಲ್ಲ.
ಹೊಸದಾಗಿ ಬಂದ ಹನ್ನೊಂದನೆಯದು 95:
ಕೆಲಸ ಸರಿ, ನನಗದು ಬರುವುದಿಲ್ಲ.
ಒಂದು ಕೋರಿಕೆ, ಮೂರು ಬಾಯಿ.

ರಾತ್ರಿ ಚಿಂತಾಮಣಿ ರಸ್ತೆಯ ಕೋಣೆಯಲ್ಲಿ
ಹಾಳೆಯ ಮೇಲೆ ಬರೆದು ನೋಡಿದೆ:
ಇಲ್ಲ. ಅಲ್ಲ. ಬೇಡ. ಕೂಡದು. ಒಲ್ಲೆ. ಅರಿಯೆ. ಆಗದು.
ನ್ಯಾಯಬೆಲೆ ಅಂಗಡಿ ನಡೆಸುತ್ತಿದ್ದ ಚಿಕ್ಕಮ್ಮ
ಒಂದನ್ನು ಇನ್ನೊಂದರ ಜಾಗಕ್ಕೆ ಹಾಕಿದವಳಲ್ಲ.
ಸೀಮೆಎಣ್ಣೆ ಮುಗಿದಿದ್ದರೆ ಇಲ್ಲ,
ಕಾರ್ಡು ಪಕ್ಕದೂರಿನದಾದರೆ ನಮ್ಮದಲ್ಲ,
ಅದೇ ತಿಂಗಳು ಎರಡನೇ ಸಲ ಬಂದರೆ ಕೂಡದು,
ಪಂಪು ಕೈಕೊಟ್ಟಿದ್ದರೆ, ನನ್ನ ಕೈಲಾಗದು ಕಣಪ್ಪ.
ಈ ಕೊನೆಯದನ್ನು ಕೇಳಿಸಿಕೊಂಡವರು
ಖಾಲಿ ಡಬ್ಬ ಹಿಡಿದೂ ನೆಟ್ಟಗೆ ನಡೆದು ಹೋಗುತ್ತಿದ್ದರು.
ರೀಲರ್ ಇನಾಯತ್ ತೆಲುಗಿನಲ್ಲಿ ರೇಟು ಮುರಿಯುವಾಗಲೂ
ಲೇದು ಬೇರೆ, ಕಾದು ಬೇರೆ.

ಬೆಳಿಗ್ಗೆ ಕಂಪನಿಯ ಹುಡುಗ ತ್ಯಾಗರಾಜನಿಗೆ ಹೇಳಿದೆ.
"ನಂಬರ್ ತಾನೆ ಸಾರ್, ಯಾವುದಾದರೇನು?"
ನಂಬರೇ. ಆದರೆ 22 ಬೆರಳು ತೋರಿಸುತ್ತದೆ,
95 ತನ್ನ ಅಂಗೈ ಬಿಚ್ಚಿ ತೋರಿಸುತ್ತದೆ.
ಅವನು ಟೀ ಮುಗಿಸಿ ಲೋಟ ಬೋರಲು ಹಾಕಿದ.
ಒಪ್ಪಿದನೋ, ಬೇಜಾರಾಯಿತೋ, ಗೊತ್ತಾಗಲಿಲ್ಲ.

ಪುಟ ಮೂವತ್ತಾರು ತಿದ್ದಿದೆ:
ಯಂತ್ರಕ್ಕೆ ಬಾರದ ಕೆಲಸಕ್ಕೆಲ್ಲ 95,
ಎಲ್ಲ ತಕ್ಕಡಿಯಲ್ಲೂ.
ಮೂರನೆಯದರ ಚಿಪ್ ಮಾತ್ರ ಹಳೆಯದು, ಬದಲಾಯಿಸಲು ಬರುವುದಿಲ್ಲ.
ಅದಕ್ಕೊಂದು ಅಡಿಟಿಪ್ಪಣಿ.
ಅಡಿಟಿಪ್ಪಣಿ ಯಾರು ಓದುತ್ತಾರೆಂದು
ತಕ್ಕಡಿಯ ಹಿಂದಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದೆ:
ಇಲ್ಲಿ 22 ಬಂದರೆ ತಪ್ಪು ತಕ್ಕಡಿಯದು.

ಮುಂದಿನ ಬೆಳೆಗೆ ಪಿಳ್ಳಮ್ಮ ಅಕ್ಕನನ್ನೂ ಕರೆತಂದಳು.
ಗೂಡನ್ನು ಮನೆಯಲ್ಲೇ ಎರಡು ಪಾಲು ಮಾಡಿದ್ದರು.
ಸಾಲಿನಲ್ಲಿ ನಿಂತೇ ಗೋಡೆಯದನ್ನು
ಮೊಮ್ಮಗಳ ಬಾಯಲ್ಲಿ ಓದಿಸಿ,
ಇನ್ನೊಂದ್ಸಲ ಓದೇ ಅಂದಳು.